ಸೀಟಿ ಇಲ್ಲದ ಪಾತ್ರೆ

ಕಾಯುವುದೂ ಒಂದು ವಿದ್ಯೆ ಎನ್ನುವುದಾದರೆ ಅದರಲ್ಲಿ ನಾನು ಪೂರಾ ನಿರಕ್ಷರಿ. ಶಾಲೆಯನ್ನಾದರೂ ಏಳನೆಯ ಇಯತ್ತೆಯ ತನಕ ಹೇಗೋ ಎಳೆದುಕೊಂಡು ಹೋಗಿದ್ದೆ. ಕಾಯುವ ಶಾಲೆಗೆ ಹೆಸರನ್ನೂ ಹಚ್ಚಿಸಿದವನಲ್ಲ. ಇದಕ್ಕೆ ನನ್ನ ಕಸುಬೇ ಕಾರಣವಿದ್ದೀತು. ನಾನು ಕುಕ್ಕರ್ ರಿಪೇರಿ ಮಾಡುವವನು. ವಿಜಾಪುರದಿಂದ ಬರಿಗೈಲಿ ಪುಣೆಗೆ ಬಂದು, ಮೊದಲು ಶಿವಾಜಿನಗರದ ಬಸ್ ಸ್ಟ್ಯಾಂಡಿನ ಹಿಂದೆ ಯಾರದೋ ಅಂಗಡಿಯಲ್ಲಿ ಸ್ಟೋವಿಗೆ ಪಿನ್ನು ಚುಚ್ಚುತ್ತ ಕೂತು, ಆಮೇಲೆ ಕೋಥರೂಡದಲ್ಲಿ ನನ್ನದೇ ಅಂಗಡಿ ಇಟ್ಟು, ಅದೇ ದುಡಿಮೆಯಲ್ಲಿ ಒಂದು ಹಳೆಯ ಸೊಸೈಟಿಯ ನೆಲಮಹಡಿಯಲ್ಲಿ ಎರಡು ಖೋಲಿ ಮಾಡಿಕೊಂಡವನು. ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಮುಂದೆ ಬರುತ್ತದೆ. ಬರಲಿ ಬಿಡಿ, ಯಾರಪ್ಪನ ಗಂಟೂ ಅಲ್ಲ. ಬೆಳಿಗ್ಗೆ ನಮ್ಮ ಓಣಿಯಲ್ಲಿ ನಡೆದರೆ ಎರಡೂ ಬದಿಯ ಅಡುಗೆಮನೆಗಳಿಂದ ಕುಕ್ಕರುಗಳು ಸೀಟಿ ಹೊಡೆಯುತ್ತವೆ. ಉಳಿದವರಿಗೆ ಅದು ಗದ್ದಲ, ನನಗೆ ಹಾಜರಿ. ಇದು ಮೂಲೆಮನೆಯದು, ಗಂಟಲು ಕಟ್ಟಿದೆ, ತೂತಿನಲ್ಲಿ ಬೇಳೆ ಸಿಕ್ಕಿರಬೇಕು. ಇದು ಮೇಲಿನ ಮಹಡಿಯದು, ಬರೀ ಉಸಿರು ಬಿಡುತ್ತಿದೆ, ಕೂಗುತ್ತಿಲ್ಲ, ರಬ್ಬರ್ ರಿಂಗು ಹೋಗಿದೆ. ಸೀಟಿ ಹೊಡೆಯಿತು, ಬೆಂದಿತು, ಇಳಿಸಿದಿರಿ. ನನ್ನ ತತ್ವಜ್ಞಾನ ಇಷ್ಟೇ. ಇಂಥವನಿಗೆ ದೇವರು ಈ ಸಲದ ಮಳೆಗಾಲ ಮುಗಿಯುವ ಹೊತ್ತಿಗೆ ಸೀಟಿಯೇ ಇಲ್ಲದ ಒಂದು ಕೆಲಸ ಹಚ್ಚಿದ.

ನನ್ನ ಹೆಂಡತಿ ಎಸ್ತರಳಿಗೆ ಜ್ವರ ಬಂತು. ಬಂದದ್ದು ಹೋಗಲೂ ಹೋಯಿತು. ಆದರೆ ಕೆಲವು ಬಾಡಿಗೆದಾರರು ಮನೆ ಬಿಡುವಾಗ ಬಲ್ಬು, ಹೋಲ್ಡರು ಎಲ್ಲ ಕಳಚಿಕೊಂಡು ಹೋಗುತ್ತಾರಲ್ಲ, ಹಾಗೆ ಈ ಜ್ವರ ಹೋಗುವಾಗ ಅವಳ ಹಸಿವು, ಬಾಯಿರುಚಿ, ಅಷ್ಟಿಷ್ಟು ಮೈಯಿನ ಮಾಂಸ, ನನ್ನನ್ನು ಬೈಯುವ ಶಕ್ತಿ ಎಲ್ಲವನ್ನೂ ಕಳಚಿಕೊಂಡು ಹೋಯಿತು. ಮನೆಯಲ್ಲಿ ಇರುವವರು ನಾವಿಬ್ಬರೇ. ಗಂಜಿ ಮಾಡಿಕೊಟ್ಟರೆ ಎರಡು ಚಮಚೆ ಕುಡಿದು ಕೈಯೆತ್ತುವಳು. ಬ್ರೆಡ್ಡು ಹಾಲಿನಲ್ಲಿ ಅದ್ದಿಕೊಟ್ಟರೆ ಅದನ್ನೇ ನೋಡುತ್ತ ಕೂರುವಳು, ಅದು ಕರಗುವ ತನಕ. ತಟ್ಟೆ ತೊಳೆಯುವ ಕೆಲಸ ನನ್ನದಾಗಿತ್ತು. ತಿಂದ ತಟ್ಟೆಗಿಂತ ತಿನ್ನದ ತಟ್ಟೆ ತೊಳೆಯುವುದು ಕಷ್ಟ ಎನ್ನುವುದು ನನಗೆ ಆಗ ಗೊತ್ತಾಯಿತು. ಮದುವೆಯ ಉಂಗುರ ಬೆರಳಿನಿಂದ ಜಾರುತ್ತದೆಂದು ಅದಕ್ಕೆ ದಾರ ಸುತ್ತಿಕೊಂಡಿದ್ದಳು. ಅದನ್ನು ನೋಡಿದಾಗಲೆಲ್ಲ ನನ್ನ ಕೈ ತುರಿಸುತ್ತಿತ್ತು. ಸಡಿಲಾದ ಮುಚ್ಚಳ ಕಂಡರೆ ಹೊಸ ರಿಂಗು ಹಾಕಿ ಬಿಗಿ ಮಾಡುವುದಷ್ಟೇ ಬಲ್ಲ ಕೈ ಇದು. ಇಲ್ಲಿ ರಿಂಗು ಸರಿಯೇ ಇತ್ತು, ಪಾತ್ರೆಯೇ ಸಣ್ಣದಾಗುತ್ತಿತ್ತು. ನಮ್ಮ ಡಾಕ್ಟರರು ನಾಲಿಗೆ ನೋಡಿ, ತೂಕ ನೋಡಿ, ನನ್ನ ಮುಖ ನೋಡಿ, “ಏನು ಕೇಳುತ್ತಾರೋ ಅದನ್ನೇ ಕೊಡಿ, ಪಥ್ಯಗಿಥ್ಯ ಏನೂ ಬೇಡ. ಸೋಮವಾರದ ತನಕ ನೋಡೋಣ. ಹೀಗೇ ತಿನ್ನದಿದ್ದರೆ ಭರ್ತಿ ಮಾಡಿ ಸಲೈನ್ ಹಚ್ಚಬೇಕಾಗುತ್ತದೆ” ಅಂದರು. ಭರ್ತಿ ಎಂಬ ಮಾತಿಗೆ ಎಸ್ತರ ನನ್ನ ಅಂಗಿಯ ತುದಿ ಹಿಡಿದುಕೊಂಡಳು. ಅವಳ ಹಿರಿಯಕ್ಕ ಹಾಗೆಯೇ ಸಲೈನ್ ಹಚ್ಚಿಸಿಕೊಂಡು ಬರುತ್ತೇನೆಂದು ಆಸ್ಪತ್ರೆಗೆ ಹೋದವಳು ತಿರುಗಿ ಬಂದಿರಲಿಲ್ಲ.

ಮನೆಗೆ ಬಂದು ಕೇಳಿದೆ, “ಏನರ ತಿನಬೇಕು ಅನಸ್ತದೇನು? ಬಾಯಿಬಿಟ್ಟು ಹೇಳು. ಎಲ್ಲಿದ್ರೂ ತರ್ತೀನಿ.”

ಗೋಡೆಯ ಕಡೆ ಮಗ್ಗಲು ಬದಲಿಸಿದಳು. ಆಮೇಲೆ, “ಅವ್ವನ ಇಸ್ಟೂ” ಅಂದಳು.

ಇಸ್ಟೂ ಎಂದರೇನೆಂದು ಹೇಳಬೇಕು. ಈಗ ಇಲ್ಲದ ನನ್ನ ಅತ್ತೆ ವಿಜಾಪುರದಲ್ಲಿ ಮಿಷನ್ ಬಂಗಲೆಯ ಅಡುಗೆಯವಳಾಗಿದ್ದಳು. ಅಲ್ಲಿದ್ದ ಬಿಳಿಯ ದೊರೆಸಾನಿ ತನ್ನ ದೇಶಕ್ಕೆ ಹೋಗುವಾಗ ಒಂದು ಛತ್ರಿಯನ್ನೂ ಈ ಒಂದು ಅಡುಗೆಯನ್ನೂ ಅವಳಿಗೆ ಬಿಟ್ಟುಹೋದಳಂತೆ. ಛತ್ರಿ ಯಾವಾಗಲೋ ಮುರಿಯಿತು, ಅಡುಗೆ ಉಳಿಯಿತು. ದೊಡ್ಡದರ ಮಾಂಸ, ಬಟಾಟಿ, ಗಜ್ಜರಿ, ಉಳ್ಳಾಗಡ್ಡಿ, ಕರಿ ಮೆಣಸು, ನಾಲ್ಕು ಲವಂಗ, ಕೊನೆಗೆ ಒಂದು ಹನಿ ಹುಳಿ ಸಿರ್ಕಾ. ಇದ್ದಲಿನ ಮೇಲೆ, ಸಣ್ಣಗೆ, ಬಹಳ ಹೊತ್ತು. ಅತ್ತೆ ಅದಕ್ಕೆ ಒಂದು ಹಸಿಮೆಣಸಿನಕಾಯಿ ಸೀಳಿ ಹಾಕಿ ದೊರೆಸಾನಿಯ ಅಡುಗೆಯನ್ನು ವಿಜಾಪುರಕ್ಕೆ ಸೇರಿಸಿಕೊಂಡಿದ್ದಳು.

“ಇಷ್ಟನ? ನಾಳೆ ಮಾಡ್ತೀನಿ. ಆರು ಸೀಟಿ ಹೊಡಸಿದ್ರ ಆತು” ಅಂದೆ.

“ಕುಕ್ಕರಿನ್ಯಾಗ ಬ್ಯಾಡ್ರಿ.”

“ಯಾಕ?”

“ಕುಕ್ಕರಿನ್ಯಾಗಿಂದು ಬೇಯೂದಿಲ್ರಿ. ಅಂಜಿ ಮೆತ್ತಗ ಆಗ್ತದ.”

ಎರಡು ಚಮಚೆ ಗಂಜಿಯ ಮೇಲೆ ಬದುಕಿದ್ದ ಹೆಂಗಸು, ನನ್ನ ಇಡೀ ಬದುಕಿನ ಕಸುಬನ್ನು ಒಂದೇ ಮಾತಿನಲ್ಲಿ ಮುಗಿಸಿಬಿಟ್ಟಳು. ಬೇರೆ ಯಾರಾದರೂ ಅಂದಿದ್ದರೆ ಅಂಗಡಿಗೆ ಕರೆದೊಯ್ದು ವಾಲ್ವು ಬಿಚ್ಚಿ ತೋರಿಸುತ್ತಿದ್ದೆ. ಇವಳಲ್ಲಿ ಬೈಯುವ ಶಕ್ತಿ ಇಷ್ಟಾದರೂ ಉಳಿದಿದೆಯಲ್ಲ ಎಂದು ಒಳಗೊಳಗೆ ಖುಷಿಯೇ ಆಯಿತು.

ಕುಕ್ಕರ್ ಬೇಡವೆಂದ ಮೇಲೆ ಎಷ್ಟು ಹೊತ್ತು ಬೇಯಿಸುವುದು? ವಿಜಾಪುರದಲ್ಲಿರುವ ನಾದಿನಿ ಶಾಂತಾಗೆ ಫೋನು ಮಾಡಿದೆ. ಅವಳು, “ಅದೇನ್ ದೊಡ್ಡ ಮಾತು ಮಾಮಾ, ಅವ್ವ ಅಯ್ಯನೋರ ಪ್ರಸಂಗ ಹಿಡದು ಬೇಯಸ್ತಿದ್ಲು” ಅಂದಳು. ವಿಷಯ ಏನೆಂದರೆ, ರವಿವಾರ ಚರ್ಚಿನ ಆರಾಧನೆಗೆ, ಪಾದ್ರಿ ಅಯ್ಯನವರ ಉಪದೇಶ ಕೇಳಲು ಹೋಗುವ ಮುಂಚೆ ಅತ್ತೆ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಎರಡು ಕೆಂಡ ಇಟ್ಟು, ಬಾಗಿಲು ಎಳೆದುಕೊಂಡು ಗುಡಿಗೆ ಹೋಗುವಳು. ಅಯ್ಯನವರು ಪ್ರಸಂಗ ಮುಗಿಸಿ ಆಶೀರ್ವಾದ ಹೇಳಿ ಬಿಡುವ ಹೊತ್ತಿಗೆ ಇಲ್ಲಿ ಮಾಂಸ ಎಲುಬು ಬಿಟ್ಟಿರಬೇಕು. ಅಯ್ಯನವರು ಉದ್ದ ಮಾತಾಡಿದ ವಾರ ಮಾಂಸ ಬೆಣ್ಣೆ. ಅವರಿಗೆ ನೆಗಡಿಯಾದ ವಾರ ಇಡೀ ಮನೆಮಂದಿ ಚಪ್ಪಲಿ ಅಗಿದಂತೆ ಅಗಿಯಬೇಕು. ಅದಕ್ಕೆ ಅತ್ತೆ ಅವತ್ತಿನ ಪಾಠ ಬೈಬಲಿನ ಯಾವ ಭಾಗದ್ದೆಂದು ಹಿಂದಿನ ದಿನವೇ ವಿಚಾರಿಸಿ ಇದ್ದಲು ಹಾಕುತ್ತಿದ್ದಳಂತೆ. ಕೀರ್ತನೆಯಾದರೆ ಸಾಧಾರಣ, ಪ್ರವಾದಿಗಳಾದರೆ ಎರಡು ಹಿಡಿ ಜಾಸ್ತಿ.

“ಅದಿರಲಿ ತಂಗಿ, ಗಡಿಯಾರದಾಗ ಎಷ್ಟು?”

“ಗಡಿಯಾರ ಯಾರ್ ನೋಡ್ತಿದ್ರು ಮಾಮಾ? ಅಯ್ಯನೋರು ಆಮೆನ್ ಅಂದ್ರ ಬೆಂದಂಗ.”

ಪುಣೆಯ ನಮ್ಮ ಅಯ್ಯನವರ ಅಳತೆ ಹಿಡಿಯುವ ಹಾಗಿರಲಿಲ್ಲ. ನಮ್ಮ ಕನ್ನಡ ಆರಾಧನೆಯ ಹಿಂದೆಯೇ ಅದೇ ಗುಡಿಯಲ್ಲಿ ಮರಾಠಿ ಆರಾಧನೆ ಇರುತ್ತದೆ. ಅವರು ಬಾಗಿಲಲ್ಲಿ ನಿಂತು ಕೆಮ್ಮಲು ಶುರುಮಾಡಿದರೆ ನಮ್ಮ ಅಯ್ಯನವರು ಬೈಬಲಿನ ಯೋನನನ್ನು ಮೀನಿನ ಹೊಟ್ಟೆಯಲ್ಲೇ ಬಿಟ್ಟು ಆಮೆನ್ ಅನ್ನುತ್ತಾರೆ. ಆ ಪ್ರಸಂಗದಲ್ಲಿ ಹೆಚ್ಚೆಂದರೆ ಒಂದು ಮೊಟ್ಟೆ ಬೇಯಬಹುದು.

ಶನಿವಾರ ಕ್ಯಾಂಪ್ ಪೇಟೆಗೆ ಹೋಗಿ ಮಾಂಸ ತಂದೆ. ಈ ರಾಜ್ಯದಲ್ಲಿ ದೊಡ್ಡದು ಅಂದರೆ ಎಮ್ಮೆ, ಕೋಣದ್ದು. ಅದಕ್ಕೆ ಕಾಯ್ದೆಯ ತಕರಾರಿಲ್ಲ. ಆದರೆ ಕಾಯ್ದೆ ಬೇರೆ, ಸೊಸೈಟಿ ಬೇರೆ. ನಮ್ಮ ಸೊಸೈಟಿಯಲ್ಲಿ ಯಾರೂ ಯಾವತ್ತೂ ನಮಗೆ ಏನೂ ಅಂದವರಲ್ಲ. ಅಂದಿಲ್ಲವೆಂದೇ ನನಗೆ ಭಯ. ಅಂದುಬಿಟ್ಟರೆ ತಿರುಗಿ ಅನ್ನಬಹುದು. ಅನ್ನದವರೆದುರು ಇಡೀ ಜನ್ಮ ಮೆತ್ತಗೆ ನಡೆಯಬೇಕು. ಅದಕ್ಕೆ ಪೊಟ್ಟಣವನ್ನು ನನ್ನ ಸಾಮಾನಿನ ಚೀಲದ ತಳದಲ್ಲಿಟ್ಟು, ಮೇಲೆ ರಿಂಗು, ಹಿಡಿಕೆ, ಪಕ್ಕಡ ಎಲ್ಲ ಹರಡಿಕೊಂಡು ಬಂದೆ. ಗೇಟಿನಲ್ಲೇ ಸೊಸೈಟಿಯ ಸೆಕ್ರೆಟರಿ ಎದುರಾದರು.

“ಅಹೋ ಕುಕ್ಕರ್‌ವಾಲೇ, ಪಾಚ್ ಲೀಟರ್ಚೀ ರಿಂಗ್ ಆಹೇ ಕಾ?”

ಐದು ಲೀಟರಿನ ರಿಂಗು ಚೀಲದ ಬಾಯಿಯಲ್ಲೇ ಇತ್ತು. “ನಾಹೀ” ಅಂದೆ. ಗಿರಾಕಿಗೆ ಇಲ್ಲವೆಂದದ್ದು ನನ್ನ ಬಾಯಿಗೇ ಹೊಸದು.

“ಅರೇ, ಹೀ ಕಾಯ್ ದಿಸತೇಯ!” ಎಂದು ಅವರು ಬೆರಳು ತೋರಿಸಿದರು. ಕಾಣುತ್ತಿತ್ತು, ನಿಜ. ಅದು ಬೇರೆಯವರಿಗೆ ಕೊಡಬೇಕಾದ ರಿಂಗು, ಹಳೆಯದು, ಸೀಳಿದ್ದು ಎಂದು ಒಂದೇ ಉಸಿರಿನಲ್ಲಿ ಮೂರು ಕಾರಣ ಹೇಳಿದೆ. ಒಂದು ಹೇಳಿದ್ದರೆ ನಂಬುತ್ತಿದ್ದರು. ಅವರು ಚೀಲವನ್ನೂ ನನ್ನನ್ನೂ ಒಂದೊಂದು ಸಲ ನೋಡಿ, ಆಯಿತು ಎನ್ನುವ ಹಾಗೆ “ಬರಂ” ಎಂದು ಹೋದರು. ನನ್ನ ಮಾಲು ಸೀಳಿದ್ದು ಎಂದು ನಾನೇ ಹೇಳಿಕೊಂಡೆನಲ್ಲ, ಆ ಅವಮಾನ ಮಾಂಸದ ಭಾರಕ್ಕಿಂತ ಹೆಚ್ಚಾಯಿತು.

ರವಿವಾರ ಗುಡಿಗೆ ಹೋಗಲಿಲ್ಲ. ಮೊದಲು ಕಿಟಕಿಗಳನ್ನೆಲ್ಲ ಹಾಕಿದೆ. ಬಾಗಿಲ ಕೆಳಗಿನ ಸಂದಿಗೆ ಒಂದು ಹಳೆಯ ಪಂಚೆ ತುರುಕಿದೆ. ಸೋರುವುದನ್ನು ನಿಲ್ಲಿಸುವುದರಲ್ಲಿ ನನ್ನ ಕೈ ಯಾರೂ ಹಿಡಿಯಲಾರರು; ಒಂದು ಎಳೆ ವಾಸನೆ ಹೊರಗೆ ಹೋಗದ ಹಾಗೆ ಮನೆಯನ್ನು ಸೀಲು ಮಾಡಿ, ಉಳ್ಳಾಗಡ್ಡಿ ಕೆಂಪಗೆ ಹುರಿದು, ಮಾಂಸ ಹಾಕಿ ತಿರುವಿ, ನೀರೆರೆದು, ಉರಿ ಸಣ್ಣ ಮಾಡಿ, ದಪ್ಪ ತಳದ ಪಾತ್ರೆಗೆ ಮುಚ್ಚಳ ಮುಚ್ಚಿದೆ. ಆಮೇಲೆ ಸ್ಟೂಲಿನ ಮೇಲೆ ಕೂತೆ. ಆಮೇಲೆ? ಆಮೇಲೆ ಏನೂ ಇಲ್ಲ. ಅದೇ ಕಷ್ಟ. ಪಾತ್ರೆ ಮಾತಾಡುವುದಿಲ್ಲ. ಒಳಗೆ ಏನಾಗುತ್ತಿದೆಯೋ, ಆಗುತ್ತಿದೆಯೋ ಇಲ್ಲವೋ, ಒಂದು ಸುದ್ದಿಯಿಲ್ಲ. ಪಕ್ಕದ ಖೋಲಿಯಲ್ಲಿ ಹೆಂಡತಿಯೂ ಹಾಗೆಯೇ ಮಲಗಿದ್ದಳು. ಎರಡು ಮುಚ್ಚಿದ ಪಾತ್ರೆಗಳ ನಡುವೆ ನಾನೊಬ್ಬ ಸ್ಟೂಲಿನ ಮೇಲೆ. ಸೋಮವಾರ ಭರ್ತಿಯಾದರೆ, ಈ ಮನೆಗೆ ನಾನೊಬ್ಬನೇ ತಿರುಗಿ ಬಂದರೆ, ಒಂದೇ ತಟ್ಟೆ, ಒಂದೇ ಲೋಟ ಎಂದು ಮನಸ್ಸು ಎಲ್ಲೆಲ್ಲಿಗೋ ಹೋಯಿತು. ಹೋಗುವುದನ್ನು ತಡೆಯಲು ಮುಚ್ಚಳ ತೆಗೆದು ನೋಡಿದೆ. ಮಾಂಸ ಕಲ್ಲಿನ ಹಾಗಿತ್ತು. ಮುಚ್ಚಿದೆ. ಸ್ವಲ್ಪ ಹೊತ್ತಿಗೆ ಮತ್ತೆ ತೆಗೆದೆ. ಪ್ರತಿಸಲವೂ ಒಂದು ಮೋಡದಷ್ಟು ಆವಿ ಎದ್ದು, ಹೋಗಲು ದಾರಿ ಸಿಗದೆ, ಎರಡೂ ಖೋಲಿ ಸುತ್ತಿ ಬಂದು ನನ್ನ ಪಕ್ಕದಲ್ಲೇ ಕೂರುತ್ತಿತ್ತು.

“ಮುಚ್ಚಳಾ ತೆಗೀಬ್ಯಾಡ್ರಿ” ಎಂದು ಒಳಗಿನಿಂದ ದನಿ ಬಂತು.

“ತೆಗದಿಲ್ಲ, ನೋಡ್ಲಾಕತ್ತೀನಿ.”

“ಏನ್ ನೋಡ್ತೀರಿ? ಅದೇನ್ ಓಡಿಹೋಗ್ತದೇನು?”

ಅಷ್ಟರಲ್ಲಿ ಗೋಡೆಯಾಚೆ ಸೀಟಿ ಹೊಡೆಯಿತು. ಒಂದು, ಎರಡು, ಮೂರು. ಗಟ್ಟಿ, ಸ್ವಚ್ಛ, ತಡವರಿಸದ ಸೀಟಿ. ಪಕ್ಕದ ಮನೆಯ ಲೇಲೆ ಆಜಿಯ ಕುಕ್ಕರು. ಹೋದ ದಸರೆಗೆ ನಾನೇ ಅದಕ್ಕೆ ಹೊಸ ರಿಂಗು, ಹೊಸ ಸೀಟಿ ಕೂಡಿಸಿ ಕೊಟ್ಟಿದ್ದೆ. ಅದನ್ನು ಕೇಳಿ, ಪರದೇಶದಲ್ಲಿ ನಮ್ಮೂರಿನವನ ದನಿ ಕೇಳಿದಷ್ಟು ಸಮಾಧಾನವಾಯಿತು.

“ವಾಸನಿ ಭಾಳ ಆತ್ರಿ” ಎಂದಳು ಎಸ್ತರ. ಸೆರಗಿನಲ್ಲಿ ಮೂಗು ಮುಚ್ಚಿಕೊಂಡಿದ್ದಳು.

“ವಾಸನಿ ಬಂತಂದ್ರ ಬೇಯ್ಲಾಕತ್ತದ ಅಂತ ಅರ್ಥ.”

“ಒಂದ್ ಕಿಡಕಿನರ ತೆಗೀರಿ.”

“ಮಂದಿ ಏನಂತಾರ? ಇನ್ನ ಸ್ವಲ್ಪ ಹೊತ್ತು ತಡಕೊ.”

ತಡೆದುಕೊಳ್ಳಲು ಅವಳಲ್ಲಿ ಏನಿತ್ತು? ಎದ್ದು ಗೋಡೆ ಹಿಡಿದು ಬಚ್ಚಲ ಮೋರಿಯ ಕಡೆಗೆ ಹೋದಳು. ಹೊಟ್ಟೆಯಲ್ಲಿ ಏನೂ ಇಲ್ಲದವರು ವಾಂತಿ ಮಾಡುವ ಸದ್ದು ನೀವು ಕೇಳಿರದಿದ್ದರೆ ಕೇಳದೇ ಇರಿ. ನಾನು ಅವಳ ಬೆನ್ನು ನೀವುತ್ತ ನಿಂತೆ. ಕೈಯಲ್ಲಿ ಇನ್ನೂ ಸೌಟು ಇತ್ತು.

ಆಗ ಯಾರೋ ಬಾಗಿಲು ಬಡಿದರು. ಬಡಿದದ್ದಲ್ಲ, ಗುದ್ದಿದರು. ಪಂಚೆ ಎಳೆದು ಬಾಗಿಲು ತೆಗೆದರೆ ಲೇಲೆ ಆಜಿ. ಎಂಬತ್ತು ದಾಟಿದ ಜೀವ, ಚಾತುರ್ಮಾಸದಲ್ಲಿ ಉಳ್ಳಾಗಡ್ಡಿಯನ್ನೂ ಮುಟ್ಟದವರು. ನಾನು ಬಾಗಿಲಿಗೆ ಅಡ್ಡ ನಿಂತೆ. ನಿಂತು ಏನು ಪ್ರಯೋಜನ? ನನ್ನ ಎರಡೂ ಕಂಕುಳ ಸಂದಿಯಿಂದ ವಾಸನೆ ಅವರಿಗೆ ನಮಸ್ಕರಿಸಿಯಾಗಿತ್ತು.

“ಕಾಯ್ ಝಾಲಂ? ಏಸ್ತರ್ ಕುಠೇ ಆಹೇ?” ಎಂದು ಆಜಿ ನನ್ನನ್ನು ಸರಿಸಿಕೊಂಡು ಒಳಗೇ ಬಂದರು. ಏನಾಯಿತು, ಎಸ್ತರ ಎಲ್ಲಿ ಎಂದು. ಆಮೇಲೆ ಆಡಿದ ಮಾತುಗಳನ್ನು ಕನ್ನಡದಲ್ಲಿ ಹೇಳಿದರೆ ಖಾರ ಅರ್ಧ ಇಳಿಯುತ್ತದೆ, ಆದರೂ ಹೇಳುತ್ತೇನೆ. “ಬೆಳಿಗ್ಗೆಯಿಂದ ಎಲ್ಲ ಕಿಟಕಿ ಹಾಕಿಕೊಂಡು ಕೂತಿದ್ದೀರಿ, ಕೆಮ್ಮಿದ ಸದ್ದೂ ಇಲ್ಲ. ನನ್ನ ಎದೆ ಒಡೆದುಹೋಯಿತಲ್ಲ! ಹುಡುಗಿ ಹೋಗೇಬಿಟ್ಟಳು ಅಂತ ತಿಳಿದೆ.”

“ವಾಸನೆ…” ಎಂದೆ ನಾನು.

“ಇಷ್ಟು ವರ್ಷ ಪಕ್ಕದಲ್ಲಿದ್ದೀನಿ. ನಿಮ್ಮ ರವಿವಾರದ ವಾಸನೆ ನನ್ನ ಮೂಗಿಗೆ ಗೊತ್ತಿಲ್ಲವೇ? ನನಗೆ ಬೇಡವಾದರೆ ನನ್ನ ಕಿಟಕಿ ನಾನು ಹಾಕಿಕೊಳ್ಳುತ್ತೇನೆ. ರೋಗಿಷ್ಟೆಯನ್ನು ಡಬ್ಬಿಯಲ್ಲಿ ಹಾಕಿ ಮುಚ್ಚುತ್ತಾರೇನು?” ಎಂದು ಕಿಟಕಿಗಳನ್ನು ಒಂದೊಂದಾಗಿ ಧಡಧಡ ತೆಗೆದು, ಎಸ್ತರಳ ರಟ್ಟೆ ಹಿಡಿದು, “ಚಲ್ ಬಾಳಾ, ಜರಾ ಹವಾ ಖಾ” ಎಂದು ಗಾಳಿ ಕುಡಿಸಲು ತಮ್ಮ ಮನೆಗೆ ನಡೆಸಿಕೊಂಡು ಹೋದರು. ಸೌಟು ಹಿಡಿದ ನಾನು ಸೌಟು ಹಿಡಿದೇ ನಿಂತೆ. ಇಷ್ಟು ವರ್ಷ ಯಾರಿಗೆ ಹೆದರಿ ಮೆತ್ತಗೆ ನಡೆದೆನೋ ಅವರು ನನ್ನ ನಡಿಗೆಯನ್ನು ಗಮನಿಸಿಯೇ ಇರಲಿಲ್ಲ.

ಅವಳು ಹೋದ ಮೇಲೆ ಪಾತ್ರೆಗೆ ಬುದ್ಧಿ ಬಂತು. ಅಥವಾ ನನಗೆ ಬಂತೋ ಏನೋ, ಮುಚ್ಚಳ ತೆಗೆಯುವ ಮನಸ್ಸೇ ಆಗಲಿಲ್ಲ. ಕಿಟಕಿಯಾಚೆ ನೋಡುತ್ತ ಕೂತೆ. ತಡವಾಗಿ ಬಟಾಟಿ, ಗಜ್ಜರಿ ಹಾಕಿದೆ, ಹಸಿಮೆಣಸಿನಕಾಯಿ ಸೀಳಿ ಬಿಟ್ಟೆ, ಸಿರ್ಕಾ ಹನಿಸಿದೆ. ಕಡೆಗೊಮ್ಮೆ ಚಮಚೆಯಿಂದ ಒತ್ತಿದರೆ ಮಾಂಸ ಏನೂ ತಕರಾರು ಮಾಡದೆ ಎಳೆಎಳೆಯಾಗಿ ಬಿಚ್ಚಿಕೊಂಡಿತು. ಅಂಜಿ ಅಲ್ಲ, ಒಪ್ಪಿ. ಯಾವ ಅಯ್ಯನವರೂ ಇರಲಿಲ್ಲವೆಂದು ನಾನೇ ಆಮೆನ್ ಅಂದೆ. ಒಳ್ಳೆಯ ಪಿಂಗಾಣಿ ತಟ್ಟೆ ತೆಗೆದು ಒರೆಸಿ, ಬಡಿಸಿ, ಮೇಲೆ ಇನ್ನೊಂದು ತಟ್ಟೆ ಮುಚ್ಚಿಟ್ಟು, ಅವಳನ್ನು ಕರೆತರಲು ಹೋದೆ.

ಲೇಲೆ ಆಜಿಯ ಅಡುಗೆಮನೆಯಲ್ಲಿ ಎಸ್ತರ ಮಣೆಯ ಮೇಲೆ ಕೂತಿದ್ದಳು. ಮುಂದೆ ಬಟ್ಟಲು. ಬಟ್ಟಲಲ್ಲಿ ಮೆತ್ತಗಿನ ಅನ್ನ, ತುಪ್ಪ, ಅದರ ಮೇಲೆ ಹಳದಿ ಮೆತ್ಕೂಟದ ಪುಡಿ. ಇಲ್ಲಿಯವರು ಜ್ವರದಿಂದ ಎದ್ದವರಿಗೆ ಕೊಡುವ ಊಟ ಅದು. ಅವಳು ಉಣ್ಣುತ್ತಿದ್ದಳು. ಎರಡು ಚಮಚೆಯ ಲೆಕ್ಕ ಅಲ್ಲ. ಕೈಯಿಂದ ಕಲಸಿ, ಬೆರಳು ನೆಕ್ಕಿ, ತಲೆ ಬಗ್ಗಿಸಿ, ಹಸಿದವರು ಉಣ್ಣುವ ಹಾಗೆ. ದಾರ ಸುತ್ತಿದ ಉಂಗುರಕ್ಕೆ ತುಪ್ಪ ಮೆತ್ತಿತ್ತು. ನನ್ನನ್ನು ಕಂಡು ಅವಳ ತುತ್ತು ಬಾಯಿಯ ಹತ್ತಿರ ನಿಂತಿತು. ಕದ್ದು ಸಿಕ್ಕಿಬಿದ್ದ ಮಗುವಿನ ಮುಖ.

“ಬೆಂತೇನ್ರಿ?” ಅಂದಳು.

“ಇಲ್ಲ, ಇನ್ನೂ ಹೊತ್ತು ಹಿಡಿತದ” ಅಂದೆ. “ನೀ ಉಣ್ಣು.”

“ಇದು ಎರಡನೇ ಬಟ್ಟಲು” ಎಂದು ಆಜಿ ಹೆಮ್ಮೆಯಿಂದ ನನಗೆ ಹೇಳಿದರು. “ನೀವೂ ಕೂತುಬಿಡಿ, ಅನ್ನ ಇದೆ.” ನನ್ನ ಊಟ ಆಗಿದೆ ಎಂದೆ. ಹೊಟ್ಟೆ ಅದೇ ಗಳಿಗೆಗೆ ಗುರ್ರೆಂದು ಸಾಕ್ಷಿ ಹೇಳಿತು. ಇಬ್ಬರೂ ಕೇಳಿಸಿಕೊಳ್ಳದವರಂತೆ ಇದ್ದರು.

ಮನೆಗೆ ಬಂದು ಆ ಪಿಂಗಾಣಿ ತಟ್ಟೆಯ ಮುಂದೆ ಒಬ್ಬನೇ ಕೂತೆ. ಇಸ್ಟೂ ಚೆನ್ನಾಗಿತ್ತು. ದುಃಖದ ಸಂಗತಿ ಅದೇ. ಕೆಟ್ಟಿದ್ದರೆ ಎಮ್ಮೆಯನ್ನೋ ಶಾಂತಾಳನ್ನೋ ದೂರಬಹುದಿತ್ತು. ಅಷ್ಟು ಚೆನ್ನಾದ ಊಟವನ್ನು ಅಷ್ಟು ಬೇಜಾರಿನಲ್ಲಿ ನಾನು ಉಂಡದ್ದೇ ಇಲ್ಲ. ಅವಳು ಉಣ್ಣಲಿ ದೇವರೇ ಎಂದು ಇಡೀ ವಾರ ಬೇಡಿಕೊಂಡಿದ್ದೆ. ಯಾರ ಮನೆಯಲ್ಲಿ ಎಂದು ಹೇಳಲು ಮರೆತಿದ್ದೆ. ದೇವರಿಗೂ ನನ್ನಂಥ ಗಿರಾಕಿಗಳು ಬೇಕಾದಷ್ಟು ಇರುತ್ತಾರೆ. ಬಾಯಿಬಿಟ್ಟು ಹೇಳಿದ್ದಷ್ಟನ್ನು ರಿಪೇರಿ ಮಾಡಿಕೊಡುತ್ತಾನೆ. ಸಂಜೆ ಎಸ್ತರ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡಿದಳು, ಒಂದು ಬಟಾಟಿಯ ತುಂಡು ತೆಗೆದು ಬಾಯಿಗಿಟ್ಟಳು. “ಅವ್ವಂದರಂಗ ಆಗ್ಯದ” ಅಂದಳು. ಎರಡನೆಯ ತುಂಡು ತೆಗೆಯಲಿಲ್ಲ. “ನಾಳೆ ತಿಂತೀನಿ” ಅಂದಳು. ಆ ನಾಳೆ ಬರುವ ಮುಂಚೆ ಪಾತ್ರೆಯನ್ನು ನಾನೇ ತಿಂದು ಮುಗಿಸಬೇಕಾಯಿತು.

ಸೋಮವಾರ ಡಾಕ್ಟರರು ನಾಲಿಗೆ ನೋಡಿ, ಉಂಡ ಲೆಕ್ಕ ಕೇಳಿ, ಸಲೈನ್ ಬೇಕಾಗಿಲ್ಲ ಅಂದರು. “ಏನು ಮಾಡಿದಿರಿ?” ಎಂದು ನನ್ನನ್ನು ಕೇಳಿದರು.

“ಇಸ್ಟೂ ಮಾಡಿದೆ ಸಾಹೇಬರೇ, ನಿಧಾನಕ್ಕೆ, ಸಣ್ಣ ಉರಿಯಲ್ಲಿ” ಅಂದೆ. ಮಾಡಿದೆ ಎನ್ನುವುದರಲ್ಲಿ ಒಂದಕ್ಷರ ಸುಳ್ಳಿಲ್ಲ. ಎಸ್ತರ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡುತ್ತಿದ್ದಳು. ರಿಕ್ಷಾದಲ್ಲಿ ಕೂತ ಮೇಲೆ, “ಡಾಕ್ಟರ್ ಮುಂದ ಹಂಗ್ಯಾಕ ಹೇಳಿದ್ರಿ? ಉಣಿಸಿದವ್ರು ಆಜಿ” ಅಂದಳು.

“ಅನ್ನ ಬೆಂದದ್ದು ಯಾವುದ್ರಾಗ? ಕುಕ್ಕರಿನ್ಯಾಗ. ಆ ಕುಕ್ಕರಿಗೆ ರಿಂಗು ಹಾಕಿದವ್ರು ಯಾರು? ಮತ್ತ ಕುಕ್ಕರಿನ್ಯಾಗಿಂದು ಅಂಜಿ ಮೆತ್ತಗ ಆಗ್ತದ ಅಂದಿದ್ದಿ?”

“ನಿಮ್ಮ ಜಂಭ ಮಾತ್ರ ಯಾವ ಉರಿ ಮ್ಯಾಲೂ ಬೇಯೂದಿಲ್ಲ ನೋಡ್ರಿ” ಅಂದಳು. ಜ್ವರ ಕಳಚಿಕೊಂಡು ಹೋದ ಸಾಮಾನು ಒಂದೊಂದಾಗಿ ವಾಪಸು ಬರುತ್ತಿತ್ತು.

ಆಗಿನಿಂದ ಅದೇ ರೂಢಿಯಾಗಿದೆ. ಮಧ್ಯಾಹ್ನ ಊಟಕ್ಕೆಂದು ನಾನು ಅಂಗಡಿಯ ಬಾಗಿಲು ಎಳೆದು ಮನೆಗೆ ಬಂದು, ಕೈಕಾಲು ತೊಳೆದು, ನಮ್ಮಿಬ್ಬರಿಗೂ ತಟ್ಟೆ ಹಾಕುತ್ತೇನೆ. ಅಷ್ಟರಲ್ಲಿ ಗೋಡೆಯಾಚೆ ಸೀಟಿ ಹೊಡೆಯುತ್ತದೆ. ಎಸ್ತರ, “ಆಜಿ ಒಬ್ಬರ ಇರ್ತಾರ್ರಿ, ಪಾಪ” ಎಂದು ಸೆರಗು ಸರಿಮಾಡಿಕೊಂಡು ಎದ್ದು ಹೋಗುತ್ತಾಳೆ. ಬೆರಳು ತುಂಬಿಕೊಂಡು ಉಂಗುರದ ದಾರ ತೆಗೆದಿದ್ದಾಳೆ; ಅದಕ್ಕಾಗಿ ನಾನು ತಡೆಯುವುದಿಲ್ಲ. ಎದುರಿನ ಖಾಲಿ ತಟ್ಟೆ ನೋಡುತ್ತ ಒಬ್ಬನೇ ಉಣ್ಣುತ್ತೇನೆ, ಉಂಡು ಎರಡೂ ತೊಳೆಯುತ್ತೇನೆ. ಆ ಹಾಳು ಸೀಟಿ ಒಂದು ದಿನವಾದರೂ ಕೆಡಬಾರದೇ ಎಂದು ಮನಸ್ಸಿಗೆ ಬರುವುದುಂಟು. ಆದರೆ ಅದನ್ನು ಕೂಡಿಸಿದವನು ನಾನು. ನನ್ನ ಕೈಯ ಕೆಲಸ ಅಷ್ಟು ಸುಲಭಕ್ಕೆ ಕೆಡುವುದಿಲ್ಲ.